ಹಿತ್ತಲಿನ ಜೇನುಪೆಟ್ಟಿಗೆ: ತೆರೆಯುವ ಮುನ್ನ, ತೆರೆದ ಮೇಲೆ

ಹುಬ್ಬಳ್ಳಿ-ಧಾರವಾಡ, ಗದಗ ಹಾಗೂ ಹಾವೇರಿ ಕಡೆಯ ಓದುಗರು ಹಿತ್ತಲಿನ ಜೇನು ಸಾಕಣೆಯ ಬಗ್ಗೆ ಬರೆದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಪತ್ರ ಬರೆದವರೆಲ್ಲರೂ ಸಾಕಿರುವುದು ತುಡುವೆ ಜೇನನ್ನು. ಆದ್ದರಿಂದ ಉತ್ತರಗಳೂ ತುಡುವೆಗೇ ಸಂಬಂಧಿಸಿವೆ. ಸೂರ್ಯಕಾಂತಿ ಹೂಬಿಟ್ಟಾಗ ಲಾರಿಗಳಲ್ಲಿ ತಂದು ಹೊಲದ ಬದುವಿಗೆ ಸಾಲಾಗಿ ಇಳಿಸುವ ದೊಡ್ಡ ಪೆಟ್ಟಿಗೆಗಳಲ್ಲಿರುವುದು ಮೆಲ್ಲಿಫೆರಾ ಎಂಬ ಬೇರೆ ಜಾತಿಯ ಜೇನು. ಅದರ ಸ್ವಭಾವ ಬೇರೆ, ಅದರ ಆರೈಕೆಯೂ ಬೇರೆ.

ಪ್ರಶ್ನೆ: ನಮ್ಮ ಹಿತ್ತಲಿನ ಪೇರಲ ಗಿಡದ ಕೆಳಗೆ ತುಡುವೆ ಜೇನಿನ ಒಂದು ಪೆಟ್ಟಿಗೆ ಇಟ್ಟಿದ್ದೇನೆ. ಒಂದು ದಿನದ ತರಬೇತಿಯನ್ನು ಬಿಟ್ಟರೆ ಬೇರೆ ಅನುಭವವಿಲ್ಲ. ಪೆಟ್ಟಿಗೆ ತೆರೆದಾಗಲೆಲ್ಲ ಹುಳುಗಳು ಎರಿಯ (ಕಣಗಳಿರುವ ಮೇಣದ ಹಲಗೆ) ಮೇಲೆ ನಿಲ್ಲದೆ ಕೆಳಕ್ಕೆ ಓಡಿ ಗೊಂಚಲಾಗಿ ಜೋತುಬೀಳುತ್ತವೆ. ರಾಣಿ ಒಮ್ಮೆಯೂ ಕಣ್ಣಿಗೆ ಬಿದ್ದಿಲ್ಲ. ರಾಣಿ ಇದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಎಷ್ಟು ದಿನಕ್ಕೊಮ್ಮೆ ಪರೀಕ್ಷಿಸಬೇಕು, ಏನನ್ನು ನೋಡಬೇಕು?
— ಓದುಗರು, ಧಾರವಾಡ

ಉತ್ತರ: ರಾಣಿಯನ್ನು ಹುಡುಕುವ ಕೆಲಸವನ್ನು ಸದ್ಯಕ್ಕೆ ಕೈಬಿಡಿ. ಹೊಸಬರು ಪೆಟ್ಟಿಗೆಯನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ತೆರೆದಿಡುವುದಕ್ಕೆ ಈ ಹುಡುಕಾಟವೇ ಮುಖ್ಯ ಕಾರಣ. ರಾಣಿ ಇದ್ದಾಳೆಯೇ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದದ್ದು ರಾಣಿಯಲ್ಲ, ಮೊಟ್ಟೆ. ಜೇನುಹುಳುವಿನ ಮೊಟ್ಟೆ ಮೂರು ದಿನಗಳಲ್ಲಿ ಒಡೆದು ಮರಿಹುಳುವಾಗುತ್ತದೆ. ಆದ್ದರಿಂದ ಕಣದ ತಳದಲ್ಲಿ ಒಂದು ಮೊಟ್ಟೆ ಕಂಡಿತೆಂದರೆ, ಕಳೆದ ಮೂರು ದಿನಗಳೊಳಗೆ ರಾಣಿ ಆ ಕಣದ ಮೇಲೆ ನಿಂತು ಹೋಗಿದ್ದಾಳೆ ಎಂದೇ ಅರ್ಥ. ಅಷ್ಟು ಸಿಕ್ಕರೆ ಎರಿ ಕಟ್ಟಿರುವ ಚೌಕಟ್ಟನ್ನು ಮರಳಿ ಇಟ್ಟುಬಿಡಬಹುದು.

ಹುಳುಗಳು ಕೆಳಕ್ಕೆ ಓಡಿ ಜೋತುಬೀಳುವುದು ರೋಗವೂ ಅಲ್ಲ, ನಿಮ್ಮ ತಪ್ಪೂ ಅಲ್ಲ; ಅದು ತುಡುವೆಯ ಹುಟ್ಟುಗುಣ. ಮೆಲ್ಲಿಫೆರಾ ಹುಳುಗಳು ಚೌಕಟ್ಟನ್ನು ಎತ್ತಿ ಹಿಡಿದರೂ ತಮ್ಮ ಪಾಡಿಗೆ ಎರಿಯ ಮೇಲೆ ಕೆಲಸ ಮಾಡುತ್ತಿರುತ್ತವೆ. ತುಡುವೆಗಳು ಬೆಳಕು ಬಿದ್ದ ಕೂಡಲೇ ಗಾಬರಿಯಾಗಿ ಎರಿಯ ಕೆಳ ಅಂಚಿಗೆ ಸರಿಯುತ್ತವೆ. ಕುಟುಕುವುದರಲ್ಲಿ ತುಡುವೆ ಸಾಧು, ಆದರೆ ಬೆದರುವುದರಲ್ಲಿ ಮುಂದು. ಪದೇ ಪದೇ ಕೆದಕಿದರೆ ಅದು ನಿಮ್ಮೊಡನೆ ಜಗಳಕ್ಕೆ ನಿಲ್ಲುವುದಿಲ್ಲ, ಇಡೀ ಕುಟುಂಬವೇ ಪೆಟ್ಟಿಗೆ ಬಿಟ್ಟು ಹೊರಟುಹೋಗುತ್ತದೆ. ಆದ್ದರಿಂದ ಮುಚ್ಚಳಕ್ಕೆ ಕೈಹಾಕುವ ಮೊದಲೇ, ಇಂದು ಏನನ್ನು ತಿಳಿದುಕೊಳ್ಳಬೇಕು ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಮೊಟ್ಟೆ ಇದೆಯೇ, ಆಹಾರ ಸಾಕಷ್ಟಿದೆಯೇ, ಹೊಸ ಚೌಕಟ್ಟು ಕೊಡಬೇಕೇ, ರಾಣಿ ಕಣ (ಹೊಸ ರಾಣಿ ಬೆಳೆಯುವ ಕಣ) ಕಟ್ಟುತ್ತಿವೆಯೇ, ಇವುಗಳಲ್ಲಿ ಒಂದೆರಡನ್ನು ಮನಸ್ಸಿನಲ್ಲಿಟ್ಟುಕೊಂಡು ತೆರೆದವರಿಗೆ ಹತ್ತು ನಿಮಿಷ ಸಾಕು. ಸುಮ್ಮನೆ ನೋಡೋಣವೆಂದು ತೆರೆದವರಿಗೆ ಅರ್ಧ ಗಂಟೆಯೂ ಸಾಲದು.

ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಹುಳುವಿನ ಬೆಳವಣಿಗೆಯ ಲೆಕ್ಕದಿಂದಲೇ ಕಂಡುಕೊಳ್ಳಬಹುದು. ರಾಣಿಯಾಗಿ ಬೆಳೆಯುವ ಮರಿ ಮೊಟ್ಟೆಯಲ್ಲಿ ಮೂರು ದಿನ, ಮರಿಹುಳುವಾಗಿ ಸುಮಾರು ಐದು ದಿನ ಇದ್ದು, ಎಂಟನೆಯ ದಿನದ ಹೊತ್ತಿಗೆ ಅದರ ಕಣಕ್ಕೆ ಮೇಣದ ಮುಚ್ಚಳ ಬೀಳುತ್ತದೆ. ಸಾಮಾನ್ಯವಾಗಿ ಆ ಮುಚ್ಚಳ ಬಿದ್ದ ಆಸುಪಾಸಿನಲ್ಲೇ ಹಳೆಯ ರಾಣಿ ಪಾಲು ತೆಗೆದುಕೊಂಡು, ಅಂದರೆ ಹುಳುಗಳ ಒಂದು ಗುಂಪನ್ನು ಕರೆದುಕೊಂಡು ಹೊಸ ಗೂಡಿಗಾಗಿ, ಹಾರುತ್ತಾಳೆ. ಹಾಗಾಗಿ ಹೂವು ಹೇರಳವಾಗಿರುವ, ಪಾಲಾಗುವ ಕಾಲದಲ್ಲಿ ವಾರಕ್ಕೊಮ್ಮೆ ನೋಡಿದರೆ ಯಾವ ರಾಣಿ ಕಣವೂ ನಿಮ್ಮ ಕಣ್ಣು ತಪ್ಪಿಸಿ ಮುಚ್ಚಿಕೊಳ್ಳಲಾರದು. ಉಳಿದ ದಿನಗಳಲ್ಲಿ ಹತ್ತು-ಹದಿನೈದು ದಿನಕ್ಕೊಮ್ಮೆ ಸಾಕು. ಧಾರವಾಡದ ಜಿಟಿಜಿಟಿ ಮಳೆಯ ವಾರಗಳಲ್ಲಿ ಪೆಟ್ಟಿಗೆಯನ್ನು ತೆರೆಯದೇ ಇರುವುದೇ ಲೇಸು. ಹೊಸದಾಗಿ ಹಿಡಿದು ಕೂಡಿಸಿದ ಕುಟುಂಬವನ್ನು ಮೊದಲ ವಾರ ಮುಟ್ಟಲೇಬೇಡಿ.

ತೆರೆಯದೆಯೂ ತಿಳಿಯುವುದು ಬಹಳಷ್ಟಿದೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಬೆಳಿಗ್ಗೆ ಚಹಾ ಕುಡಿಯುವ ಹೊತ್ತಿಗೆ ಪೆಟ್ಟಿಗೆಯ ಪಕ್ಕದಲ್ಲಿ, ಅವುಗಳ ಹಾರುವ ದಾರಿಗೆ ಅಡ್ಡವಾಗದಂತೆ ಕುಳಿತು ಬಾಗಿಲನ್ನು ಗಮನಿಸಿ. ಹಿಂಗಾಲುಗಳಿಗೆ ಪರಾಗದ ಉಂಡೆ ಕಟ್ಟಿಕೊಂಡು ಹುಳುಗಳು ಬಿಡುವಿಲ್ಲದೆ ಒಳಹೋಗುತ್ತಿದ್ದರೆ, ಒಳಗೆ ಮರಿಗಳಿವೆ ಎಂದು ನಂಬಬಹುದು. ಏಕೆಂದರೆ ಪರಾಗ ಮರಿಗಳ ಆಹಾರ. ಬಿಸಿಲೇರಿದಾಗ ಕೆಲವು ಹುಳುಗಳು ಬಾಗಿಲಲ್ಲಿ ತಲೆಯನ್ನು ಹೊರಗೆ ಮಾಡಿ ನಿಂತು ರೆಕ್ಕೆ ಬೀಸುತ್ತ ಒಳಗೆ ಗಾಳಿ ತಳ್ಳುತ್ತಿರುತ್ತವೆ. ತುಡುವೆಯದು ಇದೇ ರೀತಿ; ಮೆಲ್ಲಿಫೆರಾ ತಲೆಯನ್ನು ಒಳಗೆ ಮಾಡಿ ನಿಂತು ಗಾಳಿಯನ್ನು ಹೊರಗೆಳೆಯುತ್ತದೆ. ಬೀಸುವವರ ಸಂಖ್ಯೆ ತೀರ ಹೆಚ್ಚಾಗಿದ್ದರೆ ಪೆಟ್ಟಿಗೆಗೆ ನೆರಳು ಸಾಲದಾಗಿದೆ. ಪರಾಗ ತರುವುದು ನಿಂತು, ಹುಳುಗಳು ಬಾಗಿಲಲ್ಲಿ ಗೊತ್ತುಗುರಿಯಿಲ್ಲದೆ ಸುತ್ತುತ್ತಿದ್ದರೆ ಮಾತ್ರ ಅಂದು ಪೆಟ್ಟಿಗೆ ತೆರೆಯುವುದಕ್ಕೆ ಸಕಾರಣವಿದೆ ಎಂದು ತಿಳಿಯಿರಿ.

ತೆರೆಯುವ ದಿನ ಗಾಳಿ-ಮಳೆಯಿಲ್ಲದ, ಬಿಸಿಲಿರುವ ಬೆಳಗನ್ನು ಆರಿಸಿಕೊಳ್ಳಿ. ಚಳಿಗಾಲದಲ್ಲಿ ಹತ್ತು ಗಂಟೆಯ ನಂತರ, ಏಪ್ರಿಲ್-ಮೇ ತಿಂಗಳಲ್ಲಿ ಎಂಟೂವರೆ ಒಂಬತ್ತರ ಒಳಗೆ ಎಂದಿಟ್ಟುಕೊಳ್ಳಬಹುದು. ದುಡಿಯುವ ಹುಳುಗಳಲ್ಲಿ ಹೆಚ್ಚಿನವು ಆಗ ಹೂವಿಗೆ ಹೋಗಿರುವುದರಿಂದ ಒಳಗೆ ಗದ್ದಲ ಕಡಿಮೆ. ತಿಳಿಬಣ್ಣದ ತುಂಬುತೋಳಿನ ಅಂಗಿ, ಮುಖಪರದೆ ಇರಲಿ. ಪರದೆಯಿಲ್ಲದೆ ಬರಿಗೈಯಲ್ಲಿ ಜೇನು ಬಿಡಿಸುವ ವೀಡಿಯೊಗಳನ್ನು ನೋಡಿ ನಾಚಿಕೊಳ್ಳಬೇಕಾಗಿಲ್ಲ, ಕಣ್ಣಿನ ಬಳಿ ಒಂದು ಕುಟುಕು ಬಿದ್ದರೆ ಆ ಶೌರ್ಯ ಅಲ್ಲಿಗೇ ಮುಗಿಯುತ್ತದೆ. ಘಮಘಮಿಸುವ ಎಣ್ಣೆ, ಸೆಂಟು ಬೇಡ. ಹೊಗೆತಿದಿಗೆ ಒಣಗಿದ ತೆಂಗಿನ ನಾರು, ಕುಳ್ಳಿನ ಚೂರು ಅಥವಾ ಹಳೆಯ ಗೋಣಿತಾಟಿನ ತುಂಡು ಸಾಕು. ಹೊಗೆ ತಣ್ಣಗೆ, ಬೆಳ್ಳಗೆ ಬರುತ್ತಿದೆಯೇ ಎಂದು ನಿಮ್ಮ ಅಂಗೈಗೆ ಊದಿ ನೋಡಿ, ಬಾಗಿಲಿಗೆ ಎರಡು-ಮೂರು ಸಲ ಊದಿ ಒಂದು ನಿಮಿಷ ಕಾಯಿರಿ. ಹೊಗೆಯು ಹುಳುಗಳ ಅಪಾಯದ ವಾಸನೆಯನ್ನು ಮುಚ್ಚಿಹಾಕುತ್ತದೆ, ಅವು ಜೇನು ಕುಡಿಯಲು ತೊಡಗುವಂತೆಯೂ ಮಾಡುತ್ತದೆ. ತುಡುವೆಗೆ ಹೊಗೆ ಹೆಚ್ಚಾದರೆ ಅದೇ ಗಾಬರಿಗೆ ಕಾರಣವಾಗುವುದರಿಂದ ಹಿತಮಿತವಾಗಿರಲಿ.

ನಿಂತುಕೊಳ್ಳುವುದು ಪೆಟ್ಟಿಗೆಯ ಹಿಂದೆ ಅಥವಾ ಪಕ್ಕದಲ್ಲಿ, ಬಾಗಿಲ ಮುಂದಲ್ಲ. ತುಡುವೆ ಮರದ ಅಂಟನ್ನು ತಂದು ಮೆತ್ತುವುದಿಲ್ಲವಾದ್ದರಿಂದ ಮುಚ್ಚಳ ಸುಲಭವಾಗಿಯೇ ಬಿಡುತ್ತದೆ. ಮೇಣದ ಸೇತುವೆ ಕಟ್ಟಿದ್ದರೆ ಮಾತ್ರ ತೆಳ್ಳನೆಯ ಚಾಕುವಿನಿಂದ ಬಿಡಿಸಿಕೊಳ್ಳಿ. ನಡುವಿನ ಚೌಕಟ್ಟಿಗೆ ನೇರವಾಗಿ ಕೈಹಾಕಬಾರದು. ಒಂದು ತುದಿಯ ಚೌಕಟ್ಟನ್ನು ಮೊದಲು ಎತ್ತಿ ಪಕ್ಕಕ್ಕಿಟ್ಟರೆ ಜಾಗ ಸಿಗುತ್ತದೆ, ಉಳಿದವನ್ನು ಒಂದೊಂದಾಗಿ ಆ ಖಾಲಿ ಜಾಗಕ್ಕೆ ಸರಿಸಿ ಹುಳು ಅರೆಯದಂತೆ ನೆಟ್ಟಗೆ ಮೇಲಕ್ಕೆತ್ತಬಹುದು. ಎತ್ತಿದ ಚೌಕಟ್ಟು ಸದಾ ಪೆಟ್ಟಿಗೆಯ ಮೇಲ್ಗಡೆಯೇ ಇರಲಿ. ರಾಣಿ ಜಾರಿದರೂ ಒಳಗೇ ಬೀಳುತ್ತಾಳೆ. ಇನ್ನೊಂದು ಬದಿ ನೋಡಬೇಕಾದಾಗ ಚೌಕಟ್ಟನ್ನು ಅಡ್ಡಡ್ಡ ಮಲಗಿಸದೆ ಮೇಲ್ಪಟ್ಟಿಯನ್ನು ಲಂಬವಾಗಿ ನಿಲ್ಲಿಸಿ ತಿರುಗಿಸಿ. ಹೊಸ ಎರಿ ಬಿಸಿಲಿಗೆ ಮೆತ್ತಗಾಗಿರುತ್ತದೆ, ಮಲಗಿಸಿದರೆ ತನ್ನ ಭಾರಕ್ಕೆ ತಾನೇ ಕಳಚಿಬೀಳುತ್ತದೆ.

ಈಗ ಮೊಟ್ಟೆ ನೋಡುವ ಬಗೆ. ಸೂರ್ಯನಿಗೆ ಬೆನ್ನು ಮಾಡಿ ನಿಂತು, ಬಿಸಿಲು ನಿಮ್ಮ ಹೆಗಲ ಮೇಲಿಂದ ಹಾಯ್ದು ಕಣದ ತಳಕ್ಕೆ ಬೀಳುವಂತೆ ಚೌಕಟ್ಟನ್ನು ಸ್ವಲ್ಪ ವಾಲಿಸಿ. ನಡುಭಾಗದ ಎರಿಯಲ್ಲಿ, ಖಾಲಿಯೆಂದು ತೋರುವ ಕಣಗಳ ತಳದಲ್ಲಿ ಬಿಳಿ ದಾರದ ಚಿಕ್ಕ ತುಣುಕೊಂದು ಕಾಣಬೇಕು. ಇಟ್ಟ ದಿನ ಅದು ತಳಕ್ಕೆ ಅಂಟಿ ನೆಟ್ಟಗೆ ನಿಂತಿರುತ್ತದೆ, ಮರುದಿನ ವಾಲುತ್ತದೆ, ಮೂರನೆಯ ದಿನಕ್ಕೆ ತಳಕ್ಕೆ ಒರಗುತ್ತದೆ. ಹಳೆಯ, ಕಪ್ಪಾದ ಎರಿಯಲ್ಲಿ ಇದು ಬೇಗ ಎದ್ದು ಕಾಣುತ್ತದೆ; ಹೊಸ ಬಿಳಿ ಎರಿಯಲ್ಲಿ ಬಿಳಿ ಮೊಟ್ಟೆ ಹುಡುಕುವುದು ಕಷ್ಟ, ಕನ್ನಡಕ ಬೇಕಾದವರು ಪರದೆಯೊಳಗೆ ಹಾಕಿಕೊಂಡೇ ನಿಲ್ಲಿ. ಮೊಟ್ಟೆಯ ಸುತ್ತ ಕಣದ ತಳದಲ್ಲಿ ಬಾಗಿ ಮಲಗಿರುವ ಹೊಳೆಯುವ ಬಿಳಿ ಮರಿಹುಳುಗಳು, ಅವುಗಳಾಚೆ ತಿಳಿಕಂದು ಮುಚ್ಚಳ ಬಿದ್ದ ಕಣಗಳು, ಮೇಲೆ ಬಣ್ಣಬಣ್ಣದ ಪರಾಗದ ಪಟ್ಟಿ, ತುದಿಯಲ್ಲಿ ಜೇನು. ಆರೋಗ್ಯವಾಗಿರುವ ಸಂಸಾರದ ಎರಿ ಸಾಮಾನ್ಯವಾಗಿ ಹೀಗೆಯೇ ಇರುತ್ತದೆ. ಮುಚ್ಚಿದ ಕಣಗಳ ನಡುವೆ ಅಲ್ಲೊಂದು ಇಲ್ಲೊಂದು ಖಾಲಿ ಕಣ ಇದ್ದರೆ ಚಿಂತೆಯಿಲ್ಲ. ತುಂಬಿದ ಕಣಗಳಿಗಿಂತ ಖಾಲಿ ಕಣಗಳೇ ಹೆಚ್ಚಾಗಿದ್ದರೆ ರಾಣಿಗೆ ವಯಸ್ಸಾಗಿರಬಹುದು ಅಥವಾ ಮರಿಗಳಿಗೆ ರೋಗ ತಗುಲಿರಬಹುದು.

ಎರಿಯ ಕೆಳ ಅಂಚಿನಲ್ಲಿ ಉಬ್ಬಿದ ಮುಚ್ಚಳಗಳಿದ್ದು, ಒಂದೊಂದರ ನೆತ್ತಿಯಲ್ಲೂ ಸೂಜಿ ಚುಚ್ಚಿದಂತೆ ಒಂದು ರಂಧ್ರ ಕಂಡರೆ ಹೊಸಬರು ಯಾವುದೋ ಹುಳು ಕೊರೆದಿದೆ ಎಂದು ಹೆದರುತ್ತಾರೆ. ಅವು ಗಂಡು ಜೇನಿನ ಕಣಗಳು. ತುಡುವೆಯ ಗಂಡು ಕಣಕ್ಕೆ ಆ ರಂಧ್ರ ಸಹಜ. ಆದರೆ ಒಂದೇ ಕಣದಲ್ಲಿ ಎರಡು-ಮೂರು ಮೊಟ್ಟೆಗಳಿದ್ದು, ಅವು ತಳದಲ್ಲಿರದೆ ಗೋಡೆಗೆ ಅಂಟಿದ್ದರೆ ರಾಣಿ ಇಲ್ಲದೆ ಕೆಲಸಗಾರ ಹುಳುಗಳೇ ಮೊಟ್ಟೆಯಿಡುತ್ತಿವೆ ಎಂದು ತಿಳಿಯಬೇಕು. ಆ ಮೊಟ್ಟೆಗಳಿಂದ ಗಂಡು ಹುಳು ಬಿಟ್ಟು ಬೇರೇನೂ ಹುಟ್ಟದು. ರಾಣಿ ಹೋದ ತುಡುವೆ ಕುಟುಂಬ ಈ ಸ್ಥಿತಿಗೆ ಬಹುಬೇಗ ಇಳಿಯುತ್ತದೆ. ಇಂಥ ಪೆಟ್ಟಿಗೆಯನ್ನು ಅನುಭವಿಗಳ ನೆರವಿನಿಂದ ಇನ್ನೊಂದು ಕುಟುಂಬದೊಡನೆ ಕೂಡಿಸುವುದೇ ಸೂಕ್ತ.

ಚೌಕಟ್ಟುಗಳನ್ನು ಇದ್ದ ಕ್ರಮದಲ್ಲಿ, ಇದ್ದ ದಿಕ್ಕಿನಲ್ಲೇ ಮರಳಿಸಿ. ಎರಿ-ಎರಿಗಳ ನಡುವೆ ಹುಳುಗಳು ಓಡಾಡಲು ಬಿಟ್ಟುಕೊಳ್ಳುವ ಸಂದು ಇಷ್ಟೇ ಎಂದು ಗೊತ್ತಾಗಿದೆ; ಅಮೆರಿಕದ ಲ್ಯಾಂಗ್‌ಸ್ಟ್ರಾತ್ 1851ರಲ್ಲಿ ಈ ಸಂದಿನ ಮಹತ್ವವನ್ನು ಕಂಡುಕೊಂಡ ಮೇಲೆಯೇ ಚೌಕಟ್ಟು ಎತ್ತಿಳಿಸುವ ಪೆಟ್ಟಿಗೆಗಳು ಸಾಧ್ಯವಾದವು. ತಿರುಚಿರಾಪಳ್ಳಿಯ ಕಡೆ ಇದ್ದ ಪಾದ್ರಿ ನ್ಯೂಟನ್ 1910ರ ಸುಮಾರಿಗೆ ಅದನ್ನೇ ತುಡುವೆಗೆ ಹೊಂದುವಂತೆ ಸಣ್ಣದಾಗಿ ಮಾಡಿದರು. ತುಡುವೆಗೆ ಈ ಸಂದು ಸುಮಾರು 8 ಮಿಲಿಮೀಟರ್. ಅವಸರದಲ್ಲಿ ಹೆಚ್ಚು ಸಂದು ಬಿಟ್ಟರೆ ನಡುವೆ ಅಡ್ಡಾದಿಡ್ಡಿ ಎರಿ ಕಟ್ಟುತ್ತವೆ, ಒತ್ತಿ ಕೂಡಿಸಿದರೆ ಹುಳುಗಳು ಅರೆದುಹೋಗುತ್ತವೆ. ಕೊನೆಯಲ್ಲಿ ಅಡಿಹಲಗೆಯನ್ನು ಕೆರೆದು ಒರೆಸಿ ಮುಚ್ಚಿ. ಕಂಡದ್ದನ್ನು ಒಂದು ವಹಿಯಲ್ಲಿ ದಿನಾಂಕ ಹಾಕಿ ಎರಡು ಸಾಲು ಬರೆದಿಟ್ಟರೆ, ಮುಂದಿನ ಸಲ ಏನು ನೋಡಬೇಕೆಂಬುದು ಅದರಲ್ಲೇ ಸಿಗುತ್ತದೆ.

ಪ್ರಶ್ನೆ: ಮಳೆಗಾಲ ಮುಗಿದ ಮೇಲೆ ಪೆಟ್ಟಿಗೆಯಲ್ಲಿ ಹುಳು ತುಂಬಿ ತುಳುಕುತ್ತಿದೆ. ಎರಿಯ ಕೆಳಗೆ ನಾಲ್ಕೈದು ಉದ್ದನೆಯ ಕಣಗಳು ಜೋತಿವೆ. ಇವನ್ನು ಚಿವುಟಿ ಹಾಕಿದರೆ ಪಾಲಾಗುವುದು ನಿಲ್ಲುತ್ತದೆಯೇ? ಬಾಗಿಲಿಗೆ ರಾಣಿ ತಡೆಯ ಜಾಲರಿ ಕೂಡಿಸಿದರೆ ಸಾಲದೇ?
— ಓದುಗರು, ಹಾವೇರಿ

ಉತ್ತರ: ಶೇಂಗಾಕಾಯಿಯಂತೆ ಅಂಚಿನಿಂದ ಕೆಳಮುಖವಾಗಿ ಜೋತಿರುವ ಅವು ರಾಣಿ ಕಣಗಳೇ. ಹಿಂಗಾರಿ ಹೂವು ಶುರುವಾಗುವ ಕಾಲಕ್ಕೆ ಬಲವಾದ ಕುಟುಂಬ ಪಾಲಾಗಲು ಸಿದ್ಧವಾಗುವುದು ಸಹಜ. ಚಿವುಟುವುದು ಉಪಾಯವಲ್ಲ, ಇಕ್ಕಟ್ಟು ಹಾಗೆಯೇ ಇದ್ದರೆ ಅವು ಮತ್ತೆ ಕಟ್ಟುತ್ತವೆ, ಅಲ್ಲದೆ ಹಳೆಯ ರಾಣಿ ಆಗಲೇ ಹಾರಿಹೋಗಿದ್ದಲ್ಲಿ ಉಳಿದವರಿಗೆ ಇರುವ ಒಂದೇ ಆಸರೆಯನ್ನು ನೀವೇ ಕಿತ್ತಂತಾಗುತ್ತದೆ. ಮೊದಲು ಮೊಟ್ಟೆ ಇದೆಯೇ ಎಂದು ನೋಡಿ. ಇದ್ದರೆ ರಾಣಿ ಇನ್ನೂ ಒಳಗೇ ಇದ್ದಾಳೆ ಎಂದು ಬಹುಮಟ್ಟಿಗೆ ನಂಬಬಹುದು, ನೀವೇ ಪಾಲು ಮಾಡುವ ಅವಕಾಶವೂ ಇದೆ.

ಖಾಲಿ ಪೆಟ್ಟಿಗೆಯೊಂದಕ್ಕೆ ಹುಳುಸಮೇತ ಅರ್ಧದಷ್ಟು ಚೌಕಟ್ಟುಗಳನ್ನು ವರ್ಗಾಯಿಸಿ. ರಾಣಿ ಒಂದರಲ್ಲಿ, ಚೆನ್ನಾಗಿ ಬೆಳೆದ ಒಂದೆರಡು ರಾಣಿ ಕಣ ಇನ್ನೊಂದರಲ್ಲಿ ಇರಬೇಕು. ಎರಡರಲ್ಲೂ ಮರಿ, ಪರಾಗ, ಜೇನು ಸಮನಾಗಿರಬೇಕು. ರಾಣಿಯನ್ನು ಹುಡುಕಲೇಬೇಕಾದ ಸಂದರ್ಭ ಇದೊಂದೇ. ಅವಳು ಕೆಲಸಗಾರ ಹುಳುವಿಗಿಂತ ಉದ್ದ, ಬಣ್ಣದಲ್ಲಿ ಕಪ್ಪು, ರೆಕ್ಕೆಗಳು ಅವಳ ಹೊಟ್ಟೆಯ ತುದಿಯನ್ನು ಮುಟ್ಟುವುದಿಲ್ಲ. ರಾಣಿ ಕಣವಿರುವ ಚೌಕಟ್ಟನ್ನು ಕೊಡವಬೇಡಿ, ತಲೆಕೆಳಗಾಗಿಸಬೇಡಿ. ಎರಡನೆಯ ಪೆಟ್ಟಿಗೆ ಬೇಡವೆನ್ನುವವರು ಪಾಲಾಗುವ ಸುಳಿವು ಸಿಗುವ ಮೊದಲೇ ಖಾಲಿ ಚೌಕಟ್ಟು ಮತ್ತು ಮೇಲೆ ಜೇನು ಕೋಣೆ ಕೊಟ್ಟು ಜಾಗ ಹೆಚ್ಚಿಸಬೇಕಿತ್ತು. ಕಣ ಮುಚ್ಚಿದ ಮೇಲೆ ಜಾಗ ಕೊಟ್ಟು ಮನವೊಲಿಸುವುದು ಕಷ್ಟ.

ಜಾಲರಿಯ ವಿಷಯ. ರಾಣಿಗೇಟು, ಅಂದರೆ ಕೆಲಸಗಾರ ಹುಳು ಮಾತ್ರ ನುಸುಳಬಲ್ಲ ಈ ಜಾಲರಿ, ಹೊಸದಾಗಿ ಕೂಡಿಸಿದ ಕುಟುಂಬ ಎದ್ದುಹೋಗದಂತೆ ಕೆಲದಿನ ಹಾಕುವ ಸಾಧನ. ಅದನ್ನು ಅಲ್ಲೇ ಮರೆತರೆ ಗಂಡು ಹುಳುಗಳು ಹೊರಬರಲಾರದೆ ಬಾಗಿಲಲ್ಲೇ ಸತ್ತು ರಾಶಿ ಬೀಳುತ್ತವೆ. ಹೊಸ ರಾಣಿಯೂ ಗಂಡಿನೊಡನೆ ಕೂಡಲು ಹಾರಿಹೋಗಲಾರದೆ ಬಂಜೆಯಾಗಿಯೇ ಉಳಿಯುತ್ತಾಳೆ. ಪೆಟ್ಟಿಗೆಯೊಡನೆ ಗೇಟು ಕೊಡುವವರು ಅದನ್ನು ಯಾವಾಗ ತೆಗೆಯಬೇಕೆಂದೂ ಹೇಳಿ ಕೊಟ್ಟರೆ ಎಷ್ಟೋ ಕುಟುಂಬಗಳು ಉಳಿದಾವು.

ಪ್ರಶ್ನೆ: ಒಂದು ತಿಂಗಳು ಊರಲ್ಲಿರಲಿಲ್ಲ. ಮರಳಿ ಬಂದಾಗ ಪೆಟ್ಟಿಗೆಯಲ್ಲಿ ಒಂದು ಹುಳುವೂ ಇಲ್ಲ. ಎರಿಗಳ ತುಂಬ ಬಿಳಿ ಬಲೆ, ಕರಿ ಹಿಕ್ಕೆ, ದಪ್ಪ ದಪ್ಪ ಹುಳುಗಳು. ಈ ಹುಳುಗಳೇ ಜೇನನ್ನು ಓಡಿಸಿದವೇ? ಎರಿಗಳನ್ನು ಮತ್ತೆ ಬಳಸಬಹುದೇ?
— ಓದುಗರು, ಗದಗ

ಉತ್ತರ: ಅವು ಮೇಣದ ಪತಂಗದ ಮರಿಗಳು. ಬೂದುಬಣ್ಣದ ಪತಂಗ ರಾತ್ರಿ ವೇಳೆ ಸಂದುಗೊಂದುಗಳಲ್ಲಿ ಮೊಟ್ಟೆಯಿಡುತ್ತದೆ. ಮರಿಗಳು ಮೇಣ, ಪರಾಗದ ಶೇಷ, ಜೇನುಮರಿಗಳು ಕಳಚಿದ ಪೊರೆ ಇವನ್ನೆಲ್ಲ ತಿನ್ನುತ್ತ ಎರಿಯೊಳಗೆ ಸುರಂಗ ತೋಡಿ ಬಲೆ ನೇಯುತ್ತವೆ. ಬಲವಾದ ಕುಟುಂಬದಲ್ಲಿ ಹುಳುಗಳೇ ಅವನ್ನು ಎಳೆದು ಹೊರಹಾಕುತ್ತವೆ. ಹುಳುಗಳ ಸಂಖ್ಯೆ ಕುಗ್ಗಿ, ಅವು ಮುಚ್ಚಿಕೊಳ್ಳಲಾರದಷ್ಟು ಎರಿ ಪೆಟ್ಟಿಗೆಯಲ್ಲಿ ಉಳಿದಾಗ ಪತಂಗದ ಕೈ ಮೇಲಾಗುತ್ತದೆ. ಆದ್ದರಿಂದ ಪತಂಗವೇ ಓಡಿಸಿತೋ, ಹಸಿವಿನಿಂದ ಅಥವಾ ರಾಣಿ ಇಲ್ಲದೆ ಸೊರಗಿದ ಕುಟುಂಬ ಹೊರಟ ಮೇಲೆ ಪತಂಗ ಹೊಕ್ಕಿತೋ ಎಂಬುದನ್ನು ಖಾಲಿ ಪೆಟ್ಟಿಗೆ ಮಾತ್ರ ನೋಡಿ ಹೇಳಲಾಗದು. ಎರಿಯಲ್ಲಿ ಒಂದು ಹನಿ ಜೇನೂ ಪರಾಗವೂ ಉಳಿದಿರದಿದ್ದರೆ ಹಸಿವಿನ ಸಂಶಯಕ್ಕೆ ಹೆಚ್ಚು ಎಡೆಯಿದೆ. ಗದಗ ಕಡೆಯ ಬಯಲಲ್ಲಿ ಸೂರ್ಯಕಾಂತಿ, ಕುಸುಬೆ, ಕೊತ್ತಂಬರಿ ಹೂವು ಮುಗಿದ ಮೇಲೆ ಬೇವು, ಹೊಂಗೆ ಅರಳುವವರೆಗೆ ನಡುವೆ ಒಂದು ಒಣ ಕಾಲ ಬರುತ್ತದೆ. ಜೇನನ್ನೆಲ್ಲ ಕೊಯ್ದುಕೊಂಡ ಪೆಟ್ಟಿಗೆಗಳು ಆಗ ಬರಿದಾಗುತ್ತವೆ.

ಬಲೆ ಹಿಡಿದ ಎರಿಗಳನ್ನು ಕಿತ್ತು ಕುದಿಸಿ ಮೇಣ ಮಾಡಿಕೊಳ್ಳಿ ಅಥವಾ ಸುಟ್ಟುಬಿಡಿ, ಮತ್ತೆ ಬಳಸಬೇಡಿ. ಪೆಟ್ಟಿಗೆಯ ಮೂಲೆಗಳಲ್ಲಿ, ಮರವನ್ನೇ ಕೊರೆದು ಅಂಟಿಕೊಂಡಿರುವ ಗೂಡುಗಳನ್ನು ಕೆರೆದು ತೆಗೆದು, ಒಳಮೈಗೆ ಬೆಂಕಿಯ ಜ್ವಾಲೆ ತೋರಿಸಿ ಬಿಸಿಲಿಗಿಡಿ. ಮುಂದಿನ ಕುಟುಂಬಕ್ಕೆ ಹುಳುಗಳು ಮುಚ್ಚಿಕೊಳ್ಳುವಷ್ಟೇ ಚೌಕಟ್ಟು ಕೊಟ್ಟು ಹೆಚ್ಚಿನದನ್ನು ತೆಗೆದಿಡಿ. ಸಂದುಗಳಿಗೆ ಮಣ್ಣು ಮೆತ್ತಿ. ಅಡಿಹಲಗೆಯ ಮೇಲೆ ಬೀಳುವ ಮೇಣದ ಪುಡಿಯನ್ನು ವಾರಕ್ಕೊಮ್ಮೆ ಗುಡಿಸಿ. ಪತಂಗದ ಮೊದಲ ಸಂಸಾರ ಸಾಮಾನ್ಯವಾಗಿ ಆ ಪುಡಿಯಲ್ಲೇ ಶುರುವಾಗುತ್ತದೆ.

ಇದರ ಜೊತೆಗೆ ಇನ್ನೊಂದು ಮಾತು. ಎರಿಯಲ್ಲಿ ಉಳಿದ ಮರಿಗಳು ಕಣದಲ್ಲಿ ಉದ್ದಕ್ಕೆ ಚಾಚಿಕೊಂಡು ಸತ್ತಿದ್ದು, ಚಿಮುಟದಿಂದ ಎತ್ತಿದಾಗ ನೀರು ತುಂಬಿದ ಚೀಲವಾಗಿ ಬಂದರೆ ಅದು ಥಾಯ್ ಚೀಲರೋಗ. 1991ರ ನಂತರ ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ಅಳಿಸಿಹಾಕಿದ್ದು ಈ ವೈರಾಣು ರೋಗವೇ. ಇದಕ್ಕೆ ಔಷಧವಿಲ್ಲ. ಅಂಥ ಪೆಟ್ಟಿಗೆಯ ಚೌಕಟ್ಟು, ಜೇನು ಯಾವುದನ್ನೂ ಇನ್ನೊಂದಕ್ಕೆ ಕೊಡಬಾರದು. ಜೇನುಹುಳುಗಳನ್ನು ಕಾಡುವ ವರೋವಾ ನುಸಿಯ ಬಗ್ಗೆಯೂ ನೀವು ಓದಿರಬಹುದು. ತುಡುವೆ ಆ ನುಸಿಯ ಮೂಲ ಆಶ್ರಯದಾತೆ, ಅದನ್ನು ಹತೋಟಿಯಲ್ಲಿಟ್ಟುಕೊಳ್ಳುವ ರೂಢಿ ಅದಕ್ಕಿದೆ. ಮೆಲ್ಲಿಫೆರಾಗೆ ಹಾಕುವ ನುಸಿನಾಶಕಗಳನ್ನು ತುಡುವೆ ಪೆಟ್ಟಿಗೆಗೆ ಹಾಕುವ ಅಗತ್ಯವಿಲ್ಲ.

ಪ್ರಶ್ನೆ: ಜೇನು ಕುಟುಕಿದರೆ ಸುಣ್ಣ ಹಚ್ಚಬಹುದೇ? ಪಕ್ಕದ ಮನೆಯವರು ಮಕ್ಕಳಿಗೆ ಕುಟುಕೀತು ಎಂದು ತಕರಾರು ಮಾಡುತ್ತಿದ್ದಾರೆ.
— ಓದುಗರು, ಹುಬ್ಬಳ್ಳಿ

ಉತ್ತರ: ಸುಣ್ಣಕ್ಕಿಂತ ಉಗುರು ಮುಖ್ಯ. ಕುಟುಕಿದ ಮುಳ್ಳು ಚರ್ಮದಲ್ಲೇ ಉಳಿದು ವಿಷವನ್ನು ಪಂಪು ಮಾಡುತ್ತಿರುತ್ತದೆ, ಹೇಗಾದರೂ ಸರಿ, ತಡಮಾಡದೆ ಕೆರೆದು ತೆಗೆಯಬೇಕು. ಮುಳ್ಳಿನಿಂದ ಬಾಳೆಹಣ್ಣಿನಂಥ ವಾಸನೆ ಹೊಮ್ಮುತ್ತದೆ. ಅದು ಉಳಿದ ಹುಳುಗಳನ್ನು ಕರೆಯುವ ಸಂಕೇತ. ಆ ಜಾಗಕ್ಕೆ ಸ್ವಲ್ಪ ಹೊಗೆ ಊದಿ, ದೂರ ಸರಿದು ತೊಳೆದು ತಣ್ಣೀರಿನ ಬಟ್ಟೆ ಇಡಿ. ಸುಣ್ಣ ಚರ್ಮವನ್ನು ಸುಡುವುದರಿಂದ ಬೇಡ. ಕುಟುಕಿದ ಜಾಗ ಒಂದೆರಡು ದಿನ ಊದಿಕೊಳ್ಳುವುದು ಸಾಮಾನ್ಯ. ಆದರೆ ಮೈತುಂಬ ದದ್ದು, ತುಟಿ-ನಾಲಿಗೆಯ ಊತ, ಉಸಿರಾಟಕ್ಕೆ ತೊಂದರೆ, ತಲೆಸುತ್ತು, ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಅಡ್ರಿನಲಿನ್ ಚುಚ್ಚುಮದ್ದು ಕೊಡುತ್ತಾರೆ. ಮನೆಯಲ್ಲಿ ಯಾರಿಗಾದರೂ ಹಿಂದೆ ಹೀಗಾಗಿದ್ದಲ್ಲಿ ಹಿತ್ತಲಲ್ಲಿ ಜೇನು ಸಾಕುವ ಯೋಚನೆಯನ್ನೇ ಬಿಡಿ.

ನೆರೆಯವರ ತಕರಾರನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬಾಗಿಲು ಅವರ ಅಂಗಳದ ಕಡೆಗಿದ್ದರೆ ದಿಕ್ಕು ಬದಲಿಸಿ, ಬಾಗಿಲಿನ ಮುಂದೆ ನಾಲ್ಕೈದು ಅಡಿ ಬಿಟ್ಟು ಆಳೆತ್ತರದ ಬೇಲಿ ಅಥವಾ ಬಳ್ಳಿಯ ಚಪ್ಪರ ಎಬ್ಬಿಸಿ. ಹುಳುಗಳು ಮೇಲಕ್ಕೇರಿ, ಜನರ ತಲೆಯ ಮೇಲಿಂದ ಹಾರಿಹೋಗುತ್ತವೆ. ಅವರ ನಲ್ಲಿಯ ಬುಡಕ್ಕೆ ನೀರಿಗಾಗಿ ಹೋಗದಂತೆ ನಿಮ್ಮಲ್ಲೇ ಕಲ್ಲುಹರಳು ಹಾಕಿದ ಮಣ್ಣಿನ ತಟ್ಟೆಯಲ್ಲಿ ನೀರಿಡಿ. ಮಕ್ಕಳು ಶಾಲೆಗೆ ಹೋದ ಹೊತ್ತಿನಲ್ಲಿ ಪೆಟ್ಟಿಗೆ ತೆರೆಯಿರಿ. ಮೊದಲ ಜೇನಿನ ಒಂದು ಸೀಸೆ ಆ ಮನೆಗೂ ಹೋಗಲಿ.

ಪ್ರಶ್ನೆ: ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ಬಿಡದ ಮಳೆ. ಜೇನಿಗೆ ಬೆಲ್ಲದ ನೀರು ಇಡಬಹುದೇ?
— ಓದುಗರು, ಕಲಘಟಗಿ

ಉತ್ತರ: ಬೆಲ್ಲ ಬೇಡ; ಹುಳುಗಳಿಗೆ ಅದು ಜೀರ್ಣವಾಗದೆ ಹೊಟ್ಟೆ ಕೆಡುತ್ತದೆ. ಅಂಗಡಿಯಿಂದ ತಂದ ಜೇನುತುಪ್ಪವೂ ಬೇಡ, ಅದರಿಂದ ರೋಗ ಬರಬಹುದು. ಕುದಿಸಿದ ನೀರಿಗೆ ಅಷ್ಟೇ ತೂಕದ ಸಕ್ಕರೆ ಹಾಕಿ ಕರಗಿಸಿ, ತಣಿಸಿ, ಒಂದು ರಾತ್ರಿಯಲ್ಲಿ ಕುಡಿದು ಮುಗಿಸುವಷ್ಟನ್ನು ಮಾತ್ರ ಪೆಟ್ಟಿಗೆಯೊಳಗೆ ಬಟ್ಟಲಲ್ಲಿ ಇಡಿ. ಮುಳುಗದಂತೆ ಕಡ್ಡಿಗಳನ್ನು ತೇಲಿಬಿಡಿ. ಇಡುವುದು ಸೂರ್ಯ ಮುಳುಗಿದ ಮೇಲೆ, ಹೊರಗೆ ಒಂದು ಹನಿಯೂ ಚೆಲ್ಲದಂತೆ. ಚೆಲ್ಲಿದರೆ ಇರುವೆ ಬರುತ್ತದೆ, ಅದಕ್ಕಿಂತ ಮುಖ್ಯವಾಗಿ ಬೇರೆ ಕುಟುಂಬದ ಜೇನು ಕೊಳ್ಳೆಗೆ ಬರುತ್ತದೆ. ಸ್ಟ್ಯಾಂಡಿನ ಕಾಲುಗಳ ಕೆಳಗೆ ನೀರಿನ ಬಟ್ಟಲು ಇರಲೇಬೇಕು. ಮಳೆಯಲ್ಲಿ ಪೆಟ್ಟಿಗೆ ತೆರೆಯದೆ ಆಹಾರವಿದೆಯೇ ಎಂದು ತಿಳಿಯಲು ಹಿಂಬದಿಯಿಂದ ಒಂದು ಬೆರಳಷ್ಟು ಎತ್ತಿ ಭಾರ ನೋಡಿ; ಕೆಲವು ಸಲದ ಅಭ್ಯಾಸದಲ್ಲಿ ಕೈಗೆ ತೂಕ ಗೊತ್ತಾಗುತ್ತದೆ. ಜೇನು ಕೋಣೆ ಕೂಡಿಸಿರುವಾಗ ಸಕ್ಕರೆ ಪಾಕ ಇಟ್ಟರೆ ಮುಂದೆ ನೀವು ತೆಗೆಯುವುದು ಜೇನಲ್ಲ, ಸಕ್ಕರೆಯೇ.

ಪ್ರಶ್ನೆ: ಜೇನು ಯಾವಾಗ ತೆಗೆಯಬೇಕು?
— ಓದುಗರು, ಲಕ್ಷ್ಮೇಶ್ವರ

ಉತ್ತರ: ಮೇಲಿನ ಜೇನು ಕೋಣೆಯ ಎರಿಯಲ್ಲಿ ಮುಕ್ಕಾಲು ಭಾಗ ಕಣಗಳಿಗೆ ಮೇಣದ ಮುಚ್ಚಳ ಬಿದ್ದ ಮೇಲೆ. ಮುಚ್ಚುವ ಮೊದಲು ತೆಗೆದರೆ ನೀರಿನಂಶ ಹೆಚ್ಚಿದ್ದು ಹುಳಿಯಾಗುತ್ತದೆ. ಆಹಾರ ಸುರಕ್ಷತಾ ಮಾನದಂಡದ ಪ್ರಕಾರ ಜೇನಿನಲ್ಲಿ ತೇವಾಂಶ ಸಾಮಾನ್ಯವಾಗಿ ಶೇ 20ನ್ನು ಮೀರಬಾರದು. ಕೆಳಗಿನ ಸಂಸಾರ ಕೋಣೆಯ ಜೇನಿಗೆ ಕೈಹಾಕಬೇಡಿ, ಅದು ಅವುಗಳ ಪಾಲು.

ಪ್ರಶ್ನೆ: ನಮ್ಮ ಸುತ್ತ ಎಲ್ಲ ಗೋವಿನಜೋಳ. ಲದ್ದಿಹುಳುವಿಗೆ ಔಷಧ ಹೊಡೆಯುತ್ತಾರೆ. ಕಳೆದ ವರ್ಷ ಪೆಟ್ಟಿಗೆಯ ಮುಂದೆ ಹುಳುಗಳು ರಾಶಿಯಾಗಿ ಸತ್ತುಬಿದ್ದವು. ಏನು ಮಾಡಬೇಕು?
— ಓದುಗರು, ಹಾನಗಲ್ ತಾಲ್ಲೂಕು

ಉತ್ತರ: ಗೋವಿನಜೋಳದಲ್ಲಿ ಮಕರಂದವಿಲ್ಲ, ಆದರೆ ಸೂಲಂಗಿ ಬಿಟ್ಟಾಗ ತುಡುವೆಗಳು ಬೆಳಗಿನ ಹೊತ್ತಿನಲ್ಲಿ ಅದರ ಪರಾಗಕ್ಕೆ ಮುಗಿಬೀಳುತ್ತವೆ. 2018ರಲ್ಲಿ ನಮ್ಮ ರಾಜ್ಯದಲ್ಲಿ ಮೊದಲು ಕಾಣಿಸಿಕೊಂಡ ಫಾಲ್ ಸೈನಿಕ ಹುಳುವಿಗೆ (ನೀವು ಹೇಳುವ ಲದ್ದಿಹುಳು ಇದೇ) ಸಿಂಪಡಿಸುವ ಎಮಾಮೆಕ್ಟಿನ್ ಬೆಂಜೊಯೇಟ್ ಎಂಬ ಕೀಟನಾಶಕ ಜೇನಿಗೆ ತೀವ್ರ ವಿಷ. ಸಮಾಧಾನದ ಸಂಗತಿಯೆಂದರೆ, ಆ ಹುಳುವಿಗೆ ಔಷಧ ಪರಿಣಾಮ ಬೀರುವುದು ಬೆಳೆ ಎಳೆಯದಾಗಿದ್ದು ಸುಳಿಯೊಳಗೆ ಹುಳು ಇರುವಾಗ. ಸೂಲಂಗಿ ಬಿಟ್ಟ ಮೇಲೆ ಹೊಡೆಯುವುದರಿಂದ ರೈತರಿಗೂ ಹೆಚ್ಚಿನ ಲಾಭವಿಲ್ಲ. ಅಕ್ಕಪಕ್ಕದ ಹೊಲದವರೊಡನೆ ಬಿತ್ತನೆಯ ಸಮಯದಲ್ಲೇ ಈ ಮಾತು ಆಡಿಕೊಂಡಿರಿ. ಹೂವಿರುವಾಗ ಹೊಡೆಯಲೇಬೇಕಾದರೆ ಸಂಜೆ, ಹುಳುಗಳು ಗೂಡಿಗೆ ಮರಳಿದ ಮೇಲೆ ಹೊಡೆಯುವಂತೆಯೂ ಹಿಂದಿನ ದಿನವೇ ನಿಮಗೆ ತಿಳಿಸುವಂತೆಯೂ ಕೇಳಿಕೊಳ್ಳಿ. ಹೊಡೆಯುವ ದಿನ ಕತ್ತಲಾದ ಮೇಲೆ ಬಾಗಿಲಿಗೆ ತಂತಿಜಾಲರಿ ಕೂಡಿಸಿ, ಮುಚ್ಚಳದ ಮೇಲೆ ಒದ್ದೆ ಗೋಣಿತಾಟು ಹಾಕಿ, ಮರುದಿನ ಬಿಸಿಲೇರುವ ಮೊದಲು ಬಿಡಿಸಿ. ಹೆಚ್ಚು ಹೊತ್ತು ಮುಚ್ಚಿಟ್ಟರೆ ಒಳಗಿನ ಸೆಕೆಗೇ ಸಾಯುತ್ತವೆ.

ವಿಷ ತಗುಲಿದ ಹುಳುಗಳು ನಾಲಿಗೆ ಚಾಚಿಕೊಂಡು ಸಾಯುವುದನ್ನು ಗುರುತಿಸಬಹುದು. ಹಾಗೇನಾದರೂ ಆದರೆ ಆ ದಿನಗಳಲ್ಲಿ ತಂದ ಪರಾಗ ತುಂಬಿದ ಚೌಕಟ್ಟುಗಳನ್ನು ತೆಗೆದುಹಾಕಿ, ಏಕೆಂದರೆ ಅದನ್ನೇ ತಿನ್ನುವ ಮರಿಗಳು ಮುಂದಿನ ವಾರ ಸಾಯತೊಡಗುತ್ತವೆ. ಸತ್ತ ಹುಳುಗಳನ್ನು ಗುಡಿಸಿ ಹೂಳಿ, ಕೆಲವು ದಿನ ಸಂಜೆ ಸಕ್ಕರೆ ಪಾಕ ಇಡಿ. ಹತ್ತು ದಿನ ಬಿಟ್ಟು ಒಮ್ಮೆ ಮಾತ್ರ ತೆರೆದು ಹೊಸ ಮೊಟ್ಟೆಗಳಿವೆಯೇ ಎಂದು ನೋಡಿ.